ಮುರಿಯದ ಕಡೆಯ ಸೊಂಟ

ಚುಂಚನಕಟ್ಟೆಯಲ್ಲಿ ಕಾವೇರಿ ಧುಮ್ಮಿಕ್ಕುವುದನ್ನು ಕಂಡು, ಕೋದಂಡರಾಮನ ದರ್ಶನ ಮುಗಿಸಿ ಬರುವ ವೃದ್ಧೆಯೊಬ್ಬರು ಒದ್ದೆ ಮೆಟ್ಟಿಲಿನಲ್ಲಿ ಜಾರಿದರೆನ್ನಿ. ನಿಂತಲ್ಲಿಂದ ಬಿದ್ದುದಷ್ಟೆ, ತೊಡೆಯೆಲುಬಿನ ಕತ್ತು ಮುರಿಯಿತು. ಮೈಸೂರಿನ ಆಸ್ಪತ್ರೆಗೆ ಕರೆತಂದ ಮನೆಯವರು ಮೆಟ್ಟಿಲನ್ನು ಶಪಿಸುತ್ತಾರೆ. ಅಪರಾಧಿ ಮೆಟ್ಟಿಲೊಂದೇ ಅಲ್ಲ.

ಎಲುಬು ಟೊಳ್ಳಾಗಿತ್ತೇ ಎಂಬುದನ್ನು ತಿಳಿಯಲು ವೈದ್ಯರು ಎಕ್ಸ್‌ರೇಯಲ್ಲಿ ಮುರಿಯದ ಕಡೆಯನ್ನು ನೋಡುತ್ತಾರೆ. ತೊಡೆಯೆಲುಬಿನ ಮೇಲ್ತುದಿಯೊಳಗೆ ಮೈಭಾರ ಹೊರುವ ನವುರಾದ ಎಳೆಗಳು ಕಮಾನಿನಂತೆ ಹೆಣೆದಿರುತ್ತವೆ. ಎಲುಬು ಸವೆದಂತೆ ಅವು ಒಂದು ಕ್ರಮದಲ್ಲಿ ಅಳಿಯುತ್ತವೆ. ಹೆಚ್ಚು ಭಾರ ಹೊರುವವು ಕೊನೆಯವರೆಗೆ ಉಳಿಯುತ್ತವೆ. ಭಾರತೀಯ ವೈದ್ಯ ಮನಮೋಹನ ಸಿಂಗ್ (ಪ್ರಧಾನಿಗಳಾಗಿದ್ದವರಲ್ಲ) ಮತ್ತು ಸಂಗಡಿಗರು 1970ರಲ್ಲಿ ಈ ಕ್ರಮವನ್ನೇ ಅಳತೆಗೋಲಾಗಿಸಿದರು. 6 ಎಂದರೆ ಎಳೆಗಳೆಲ್ಲ ಕ್ಷೇಮ. 1 ಎಂದರೆ ಮುಖ್ಯ ಎಳೆಗಳೂ ಕ್ಷೀಣ.

ಅಗ್ಗದ ಅಳತೆ, ಆದರೆ ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಎರಡು ಅಂಕ ಕೊಡುವುದುಂಟು. ಅಲ್ಲದೆ ಎಲುಬಿನ ಖನಿಜಾಂಶ ನೂರಕ್ಕೆ ಸುಮಾರು 30ರಷ್ಟು ಕಳೆಯುವ ತನಕ ಸಾಮಾನ್ಯ ಎಕ್ಸ್‌ರೇ ಬಾಯಿ ಬಿಡುವುದೇ ಇಲ್ಲ. ಖಚಿತ ಅಳತೆಗೆ ಡೆಕ್ಸಾ ಎಂಬ ಪರೀಕ್ಷೆ ಇದೆ. ಆದರೆ ಇಳಿವಯಸ್ಸಿನಲ್ಲಿ ನಿಂತಲ್ಲಿಂದ ಬಿದ್ದು ಸೊಂಟ ಮುರಿದರೆ, ಬೇರೆ ಕಾರಣ ಕಾಣದಿದ್ದಲ್ಲಿ, ಆ ಮುರಿತವೇ ಸಾಕಷ್ಟು ಸಾಕ್ಷಿ. ಇನ್ನೊಂದು ಸೊಂಟಕ್ಕೂ ಅಪಾಯ ಹೆಚ್ಚಿರುತ್ತದೆ.

ಹೊಲಿಗೆ ಬಿಚ್ಚಿದೊಡನೆ ಚಿಕಿತ್ಸೆ ಮುಗಿಯಿತೆಂದು ಊರಿಗೆ ಹೊರಡುವವರೇ ಬಹಳ. ಹೊರಡುವ ಮುನ್ನ, ಎಲುಬು ಸವೆಯುವುದನ್ನು ತಡೆಯುವ ಔಷಧ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳಲ್ಲಿ ಯಾವುದು ಬೇಕೆಂದು ವೈದ್ಯರನ್ನು ಕೇಳಬೇಕು.