ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮುಚ್ಚಿಡಬೇಡಿ

ಮುಟ್ಟು ನಿಂತು ವರ್ಷಗಳಾದ ಬಳಿಕ ಮತ್ತೆ ರಕ್ತಸ್ರಾವವಾದರೆ ನಮ್ಮ ತಾಯಂದಿರು ಮೊದಲು ಕೇಳುವುದು, ‘ನಮಾಝ್ ಮಾಡಬಹುದೇ?’ ಎಂದು. ಆಲಿಮರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದೇ. ಆದರೆ ಅಲ್ಲಿಗೇ ಸುಮ್ಮನಾಗಬೇಡಿ. ಈ ರಕ್ತ ಏಕೆ ಬಂತೆಂದು ವೈದ್ಯರಲ್ಲೂ ಕೇಳಿ.

ಇಂತಹ ರಕ್ತಸ್ರಾವವಾಗುವ 100 ಮಹಿಳೆಯರಲ್ಲಿ ಸುಮಾರು 9 ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದ ಹೆಚ್ಚಿನವರಲ್ಲಿ ಕಾರಣ ಅಷ್ಟು ಗಂಭೀರವಲ್ಲ. ಆದರೆ ಯಾರಿಗೆ ಏನಿದೆ ಎಂದು ನಾಡಿ ನೋಡಿ ಹೇಳಲು ನನ್ನಿಂದಾಗದು. ಅದಕ್ಕೆ ಸ್ಕ್ಯಾನಿಂಗ್ ಬೇಕು, ಅಗತ್ಯವಿದ್ದರೆ ಬಯಾಪ್ಸಿಯೂ ಬೇಕು.

ಬಯಾಪ್ಸಿ ಎಂದರೆ ಹೆದರುವವರು ಬಹಳ. ಆದರೆ ಆ ಪುಟ್ಟ ತುಣುಕು ತಿಳಿಸುವ ಸಂಗತಿಗಳು ಅನೇಕ. ಗಡ್ಡೆ ಬೆಳೆಯಲು ರಕ್ತ ಬೇಕು. ಹೊಸ ರಕ್ತನಾಳಗಳಿಲ್ಲದೆ ಅದು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಲಾರದು ಎಂಬ ವಾದವನ್ನು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಮುಂದಿಟ್ಟರು. ಹೀಗೆ ನಾಳಗಳನ್ನು ಬೆಳೆಸಲು ಗಡ್ಡೆ ಬಳಸುವ ಮುಖ್ಯ ಪ್ರೋಟೀನಿನ ಹೆಸರು ವಿಇಜಿಎಫ್. ತೆಗೆದ ಗಡ್ಡೆಯಲ್ಲಿ ಈ ಪ್ರೋಟೀನ್ ಎಷ್ಟಿದೆ, ಸೂಕ್ಷ್ಮ ರಕ್ತನಾಳಗಳು ಎಷ್ಟು ದಟ್ಟವಾಗಿವೆ ಎಂದು ನೋಡಿ, ರೋಗ ಮರುಕಳಿಸುವ ಸಾಧ್ಯತೆಯನ್ನು ಅಂದಾಜಿಸಲು ಸಂಶೋಧಕರು ಪ್ರಯತ್ನಿಸಿದ್ದಾರೆ. ನಾಳಗಳು ದಟ್ಟವಾಗಿದ್ದರೆ ಅಪಾಯ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಎಲ್ಲವೂ ಹಾಗೆ ಹೇಳಿಲ್ಲ.

ಆದ್ದರಿಂದ ವೈದ್ಯರು ಇಂದಿಗೂ ಮುಖ್ಯವಾಗಿ ನೋಡುವುದು ರೋಗ ಎಷ್ಟು ಹರಡಿದೆ, ಅದರ ಕೋಶಗಳು ಎಂಥವು ಎಂಬುದನ್ನು. ಆದರೂ ಆ ಸಂಶೋಧನೆ ವ್ಯರ್ಥವಾಗಿಲ್ಲ. ರೋಗ ಮುಂದುವರಿದ ಕೆಲವರಿಗೆ ಇಂದು ನೀಡುವ ಲೆನ್ವಾಟಿನಿಬ್ ಮಾತ್ರೆ ಕೆಲಸ ಮಾಡುವುದು ವಿಇಜಿಎಫ್‌ನ ದಾರಿಯನ್ನು ತಡೆದೇ.

ರಕ್ತಸ್ರಾವ ತಡೆಯುವ ಔಷಧಿಗಳು ನಮ್ಮ ಯುನಾನಿಯಲ್ಲೂ ಇವೆ. ಆದರೆ ಪರೀಕ್ಷೆಗೆ ಮುಂಚೆ ಅವನ್ನು ಕೊಡುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ರಕ್ತ ನಿಂತರೆ ರೋಗಿಗೆ ಸಮಾಧಾನವಾಗುತ್ತದೆ, ಆದರೆ ಒಳಗೆ ಗಡ್ಡೆ ಬೆಳೆಯುತ್ತಲೇ ಇರಬಹುದು. ನೀವು ಯಾವ ಪದ್ಧತಿಯ ವೈದ್ಯರ ಬಳಿ ಹೋದರೂ ಮೊದಲು ಪರೀಕ್ಷೆ, ಆಮೇಲೆ ಔಷಧಿ.

ರೋಗ ಗರ್ಭಕೋಶದೊಳಗೇ ಇರುವಾಗ ಪತ್ತೆಯಾದರೆ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಂದ ಗುಣಮುಖರಾಗುತ್ತಾರೆ. ಸಹೋದರಿಯರೇ, ಒಂದೇ ಒಂದು ಹನಿ ಕಂಡರೂ ನಾಚಿಕೊಂಡು ಮುಚ್ಚಿಡಬೇಡಿ. ಮಹಿಳಾ ವೈದ್ಯೆಯೇ ಬೇಕೆನಿಸಿದರೆ ಹಾಗೆಂದು ಕೇಳಿ. ಮಕ್ಕಳೇ, ಉಮ್ಮನ ಮೌನವನ್ನು ಆರೋಗ್ಯವೆಂದು ತಿಳಿಯಬೇಡಿ. ನೀವಾಗಿಯೇ ವಿಚಾರಿಸಿ, ಜೊತೆಗೆ ಹೋಗಿ.