ಬಂಡೆಗೆ ಬಾಗುವ ಟೈರು

ಸಾಹಸಕ್ಕೂ ಆಡಂಬರಕ್ಕೂ ಇರುವ ಅಂತರವನ್ನು ಅರಿಯಲು ಇಂದು ವಾಹನದ ಟೈರನ್ನು ನೋಡಿದರೆ ಸಾಕು. ಪುಣೆ, ಮುಂಬೈಗಳ ಬೀದಿಗಳಲ್ಲಿ ಓಡಾಡುವ ಜೀಪು, ಥಾರ್‌ಗಳಲ್ಲಿ ಅನೇಕವು ಉಬ್ಬುಹಲ್ಲಿನ ದೈತ್ಯ ಟೈರುಗಳನ್ನು ತೊಟ್ಟಿವೆ. ನಮ್ಮ ಹೊರನಾಡ ಕನ್ನಡ ಮನೆಗಳ ಮಕ್ಕಳೂ ಮಳೆಗಾಲ ಬಂತೆಂದರೆ ಸಹ್ಯಾದ್ರಿಯ ಕಲ್ಲುದಾರಿಗಳತ್ತ ಹೊರಡುತ್ತಾರೆ. ಹೋಗಲಿ, ಸಂತೋಷ. ಆದರೆ ಬಂಡೆ ಏರುವ ವಾಹನಕ್ಕೆ ಕಚ್ಚುವ ಟೈರಿಗಿಂತ ಬಾಗುವ ಟೈರೇ ಮೇಲೆಂಬುದು ನಮ್ಮ ಅಭಿಪ್ರಾಯ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಹಲ್ಲು. ಬಂಡೆಯ ಮೇಲೆ ಕೈಹಿಡಿಯುವುದು ಕಣ್ಣಿಗೆ ಬೀಳದ ಗುಣ.

ಕೆಸರಿಗೂ ಕಲ್ಲಿಗೂ ಬೇಕಾದದ್ದು ಬೇರೆ ಬೇರೆ. ಕೆಸರಿನಲ್ಲಿ ದೊಡ್ಡ ಹಲ್ಲುಗಳು ಅಗೆಯುತ್ತವೆ, ನಡುವಿನ ಅಗಲ ಸಂದುಗಳು ಮೆತ್ತಿದ ಮಣ್ಣನ್ನು ಉದುರಿಸುತ್ತವೆ. ಬಂಡೆಯಲ್ಲಿ ಅಗೆಯುವುದಕ್ಕೆ ಏನಿದೆ? ಅಲ್ಲಿ ರಬ್ಬರು ಕಲ್ಲಿನ ಉಬ್ಬುತಗ್ಗುಗಳ ಮೇಲೆ ಹಸಿ ಹಿಟ್ಟಿನಂತೆ ಹರಡಿ ಹಿಡಿಯಬೇಕು. ಅದಕ್ಕೆ ಮೊದಲ ಉಪಾಯ ಹಣ ಬೇಡದ್ದು: ಗಾಳಿ ಇಳಿಸುವುದು. ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸಿನಲ್ಲಿರುವ ಒತ್ತಡವನ್ನು 15ರಿಂದ 18ಕ್ಕೆ ತಂದರೆ, ಅದೇ ಟೈರು ನೆಲವನ್ನು ಹೆಚ್ಚು ಉದ್ದಕ್ಕೆ ಅಪ್ಪಿಕೊಳ್ಳುತ್ತದೆ. ಇದಕ್ಕೂ ಒಂದು ಮಿತಿಯಿದೆ. ಒತ್ತಡ ತೀರ ಕುಸಿದರೆ ರಿಮ್ಮಿಗೆ ಕೂತ ಅಂಚು ಕಳಚಿಕೊಳ್ಳುತ್ತದೆ. ಅಂಚನ್ನು ಬೋಲ್ಟು ಹಾಕಿ ಬಿಗಿಯುವ ಬೀಡ್‌ಲಾಕ್ ರಿಮ್ ಇಲ್ಲದವರು ಆ ಸಾಹಸಕ್ಕೆ ಹೋಗಬಾರದು. ಹಿಂದಿರುಗುವಾಗ ಹೆದ್ದಾರಿ ಹಿಡಿಯುವ ಮೊದಲೇ ಗಾಳಿ ತುಂಬಿಸಬೇಕು. ಗಾಳಿ ಇಳಿದ ಟೈರು ವೇಗದಲ್ಲಿ ಕಾದು ಸಿಡಿಯಬಲ್ಲದು. ಆದುದರಿಂದ ಒತ್ತಡಮಾಪಕವೂ ಪಂಪೂ ಟೈರಿನಷ್ಟೇ ಅಗತ್ಯ.

ಎರಡನೆಯದು ಟೈರಿನ ಪಕ್ಕೆ. ಗಾಳಿ ಇಳಿದಾಗ ಪಕ್ಕೆ ಹೊರಕ್ಕೆ ಉಬ್ಬಿ ಚೂಪುಗಲ್ಲಿಗೆ ಮೈಯೊಡ್ಡುತ್ತದೆ. ಓಡುಮೈಯಲ್ಲಿ ಮೊಳೆ ಹೊಕ್ಕರೆ ಪಂಕ್ಚರ್ ಹಾಕಿಸಬಹುದು. ಪಕ್ಕೆ ಸೀಳಿದರೆ ಆ ಟೈರಿನ ಆಯುಷ್ಯ ಮುಗಿಯಿತು. ಹಾಗಾಗಿ ಹಲ್ಲಿನ ಎತ್ತರ ಕೇಳುವ ಮೊದಲು ಪಕ್ಕೆಗೆ ಎಷ್ಟು ಪದರವೆಂದು ಕೇಳಬೇಕು. ರಿಮ್ ಚಿಕ್ಕದಾದಷ್ಟೂ ಅನುಕೂಲ. 2020ರಲ್ಲಿ ಬಂದ ಮಹೀಂದ್ರ ಥಾರ್ ಎರಡು ಅಳತೆಗಳಲ್ಲಿ ದೊರೆಯಿತು: 18 ಇಂಚಿನ ರಿಮ್ಮಿಗೆ 255/65, 16 ಇಂಚಿನದಕ್ಕೆ 245/75. ಲೆಕ್ಕ ಹಾಕಿದರೆ ಮೊದಲನೆಯದರ ಪಕ್ಕೆ ಸುಮಾರು 166 ಮಿಲಿಮೀಟರ್, ಎರಡನೆಯದರದು 184. ಥಳಕಿನ ದೊಡ್ಡ ರಿಮ್ಮಿಗೆ ಹೆಚ್ಚು ಹಣ ಕೊಟ್ಟವರು ಬಂಡೆಯ ಮೇಲೆ 18 ಮಿಲಿಮೀಟರ್ ಬಾಗುವ ಶಕ್ತಿಯನ್ನು ಬಿಟ್ಟುಕೊಟ್ಟಿರುತ್ತಾರೆ.

ಮೂರನೆಯದು ಕಲ್ಲಿನ ಜಾತಿ. ಈ ಕ್ರೀಡೆಯ ತವರಾದ ಅಮೆರಿಕದಲ್ಲಿ, ಯೂಟಾದ ಮೊಆಬ್‌ನ ಒಣ ಮರಳುಗಲ್ಲು ರಬ್ಬರಿಗೆ ಉಪ್ಪುಕಾಗದದಂತೆ ಒದಗುತ್ತದೆ. ಕ್ಯಾಲಿಫೋರ್ನಿಯಾದ ರುಬಿಕಾನ್ ಹಾದಿಯದು ಗ್ರಾನೈಟ್. ನಮ್ಮ ಸಹ್ಯಾದ್ರಿಯದು ಲಾವಾ ಹೆಪ್ಪುಗಟ್ಟಿದ ಕರಿಯ ಬಸಾಲ್ಟ್. ಮಳೆಯಲ್ಲಿ ಪಾಚಿ ಹಿಡಿದರೆ ಎಣ್ಣೆ ಸವರಿದಂತೆ ಜಾರುತ್ತದೆ. ಅಲ್ಲಿಯ ವಿಡಿಯೊ ನೋಡಿ ಇಲ್ಲಿ ಟೈರು ಕೊಂಡರೆ ನಡೆಯದು. ಒದ್ದೆ ಬಸಾಲ್ಟಿಗೆ ಮೃದುವಾದ ರಬ್ಬರು ಬೇಕು, ಅದರ ಮೈಮೇಲೆ ಸಣ್ಣ ಸೀಳುಗೆರೆಗಳು ಬೇಕು. ವಾರದ ಆರು ದಿನ ಕಚೇರಿಗೆ ಹೋಗುವ ವಾಹನಕ್ಕೆ ಗಟ್ಟಿ ಪಕ್ಕೆಯ ಆಲ್-ಟೆರೇನ್ ಟೈರೇ ಸಾಕೆನ್ನುವುದು ನಮ್ಮ ನಿಲುವು.

ದೊಡ್ಡ ಟೈರಿನ ಪರ ವಾದ ಪೊಳ್ಳೆಂದು ನಾವು ಹೇಳುವುದಿಲ್ಲ. ವಾಹನದ ಮೈಯನ್ನು ಎಷ್ಟೇ ಎತ್ತರಿಸಿದರೂ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರಿನ ಗಾತ್ರವೊಂದೇ. ಆದರೆ ವ್ಯಾಸ ಎರಡು ಇಂಚು ಹೆಚ್ಚಿದರೆ ದೊರೆಯುವ ಎತ್ತರ ಒಂದೇ ಇಂಚು. ಅದಕ್ಕೆ ಪ್ರತಿಯಾಗಿ ಎಳೆತ ತಗ್ಗುತ್ತದೆ, ಬ್ರೇಕಿಗೆ ಭಾರ ಹೆಚ್ಚುತ್ತದೆ, ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆ ಒಂದಿಂಚಿನ ಬೆಲೆಯನ್ನು ಕುಟುಂಬದವರನ್ನು ಕೂರಿಸಿಕೊಂಡು ಮಳೆಯಲ್ಲಿ ಘಾಟಿ ಇಳಿಯುವ ದಿನ ತೆರಬೇಕಾದೀತು.

ಕೊನೆಯದಾಗಿ, ಕಲ್ಲಿಗೂ ಒಂದು ಪಕ್ಷವಿದೆ. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯೂ ಒಂದು. ಅಂಥ ಬಂಡೆಬಯಲುಗಳಲ್ಲಿ ಮಣ್ಣು ತೆಳುವಾದ ಹೊದಿಕೆ ಮಾತ್ರ. ಮಳೆಗಾಲದ ಹೂಗಳೆಲ್ಲ ಅದನ್ನೇ ನಂಬಿವೆ. ಗರಗರನೆ ಸುತ್ತುವ ಒಂದು ಚಕ್ರ ಅದನ್ನು ಕ್ಷಣದಲ್ಲಿ ಕಿತ್ತೆಸೆಯುತ್ತದೆ. ಎಂಥ ಒಳ್ಳೆಯ ಟೈರೂ ಅಲ್ಲಿ ಕಾಲಿಡಬಾರದು. ವಾಹನಗಳಿಗೆಂದೇ ಇರುವ ಕಲ್ಲುದಾರಿಯಲ್ಲಿ ಮಾತ್ರ, ನಡಿಗೆಗಿಂತ ನಿಧಾನವಾಗಿ, ಚಕ್ರ ಜಾರದಂತೆ ಏರುವುದೇ ಈ ಆಟದ ಮರ್ಯಾದೆ. ಹಿಂದೆ ಕಿತ್ತ ಮಣ್ಣನ್ನಾಗಲಿ ಉಜ್ಜಿದ ಕಪ್ಪು ಗೆರೆಯನ್ನಾಗಲಿ ಉಳಿಸದೆ ಬಂಡೆ ಏರಿದ ಟೈರನ್ನೇ ನಾವು ಒಳ್ಳೆಯ ಟೈರೆಂದು ಕರೆಯುತ್ತೇವೆ.