ಸೂರ್ಯ ಮುಳುಗುವ ಮುಂಚೆ



ಭಾನುವಾರದ ಪೂಜೆಯಲ್ಲಿ ಕಡೆಯ ಆಶೀರ್ವಾದವಾಗುವ ಹೊತ್ತಿಗೆ ನಮ್ಮ ಹಿಂದಿನ ಸಾಲುಗಳು ಅರ್ಧ ಖಾಲಿ. ಭಕ್ತಿ ಸಾಲದೆಂದು ನಾವು ಬೈದದ್ದೂ ಉಂಟು. ಆಮೇಲೆ ತಿಳಿಯಿತು, ಅವರು ಓಡುತ್ತಿದ್ದದ್ದು ಧರ್ಮಪುರಿ ಬಸ್ ನಿಲ್ದಾಣಕ್ಕೆ. ಸೋಮವಾರ ಬೆಳಿಗ್ಗೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹಾಜರಿಲ್ಲದಿದ್ದರೆ ಆ ದಿನದ ಕೂಲಿ ಹೋಯಿತು. ಸೇಲಂ ಪಟ್ಟಣದವರಿಗೆ ಮಗ್ಗವೋ ಬೆಳ್ಳಿ ಕಾಲುಗೆಜ್ಜೆಯ ಕೆಲಸವೋ ಉಂಟು. ಮಳೆಯನ್ನು ನಂಬಿದ ನಮ್ಮ ಹಳ್ಳಿಯವರಿಗೆ ಗಾರೆ, ಸೆಂಟ್ರಿಂಗ್, ಕಂಬಿ ಕಟ್ಟುವುದು. 1965ರಲ್ಲಿ ಸೇಲಂನಿಂದ ಬೇರೆ ಜಿಲ್ಲೆಯಾದೆವು. ಜಿಲ್ಲೆ ಬೇರೆಯಾದ ಮಾತ್ರಕ್ಕೆ ಮಳೆ ಬರುತ್ತದೆಯೇ!

ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ಮೇಸ್ತ್ರಿ ಹೀಗೆ ಹನ್ನೊಂದು ಜನರನ್ನು ಕರೆದುಕೊಂಡು ಹೋಗಿದ್ದರು. ಆರು ವಾರದ ಕೂಲಿ ಬಾಕಿ ನಿಂತಿತು. ಅವರಲ್ಲಿ ಒಬ್ಬ ಹುಡುಗನ ತಾಯಿ ಬಂದು, “ಉಪದೇಶಿಯವರೇ, ಅವರು ಪೂಜೆಗೆ ಮುಂದಿನ ಸಾಲಿನಲ್ಲೇ ಕೂರುತ್ತಾರಲ್ಲ, ನೀವೊಂದು ಮಾತು ಕೇಳಬಾರದೇ?” ಎಂದರು. “ಪ್ರಾರ್ಥನೆ ಮಾಡೋಣ ಅಮ್ಮ” ಎಂದು ಕಳುಹಿಸಿಬಿಟ್ಟೆವು. ಕಾರಣ ಬರೆಯಲು ನಾಚಿಕೆ. ಆ ವರ್ಷ ಹಬ್ಬದ ಚಪ್ಪರದ ಖರ್ಚು ಅವರದೇ.

ಆ ವಾರದ ಕೂಟದಲ್ಲಿ ಓದಿದ್ದು ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ. ಹೊತ್ತು ಮುಳುಗುವ ಮುಂಚೆ ಒಂದೇ ಗಂಟೆ ದುಡಿದವನಿಗೂ ದಿನದ ಪೂರ್ತಿ ಕೂಲಿ. ಇದು ದೇವರ ಕೃಪೆ, ಪರಲೋಕದ ಮಾತು ಎಂದು ನಾವು ವರ್ಷಗಟ್ಟಲೆ ಹೇಳಿಕೊಟ್ಟದ್ದು. ಕಂಬಿ ಕಟ್ಟುವ ಒಬ್ಬ ಯುವಕ ಎದ್ದು, “ಆ ಯಜಮಾನರು ಕೂಲಿ ಕೊಟ್ಟದ್ದು ಯಾವಾಗ ಸ್ವಾಮಿ?” ಎಂದ. ಅದೇ ಸಂಜೆ. ನಮ್ಮ ಕಣ್ಣಿಗೆ ಆ ಸಂಜೆ ಯಾವತ್ತೂ ಬಿದ್ದಿರಲಿಲ್ಲ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೆದೆವು. ಬಡ ಕೂಲಿಯಾಳಿಗೆ ಸೂರ್ಯ ಮುಳುಗುವ ಮುಂಚೆ ಕೊಡಬೇಕೆಂದು ಅಲ್ಲಿ ಅಪ್ಪಣೆಯೇ ಇದೆ. ಹಿಡಿದಿಟ್ಟ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆಂದು ಯಾಕೋಬನ ಪತ್ರ.

ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಸ್ವಾಮಿಯವರು 1925ರಲ್ಲಿ ಯುವ ಕಾರ್ಮಿಕರ ಸಂಘ ಕಟ್ಟಿ ಕಲಿಸಿದ ದಾರಿ ಮೂರು ಹೆಜ್ಜೆಯದು: ನೋಡುವುದು, ತೂಗುವುದು, ಕಾರ್ಯಕ್ಕಿಳಿಯುವುದು. ಪೋಪ್ 23ನೇ ಜಾನರು 1961ರ ವಿಶ್ವಪತ್ರದಲ್ಲಿ ಅದನ್ನು ಎತ್ತಿ ಹೇಳಿದರು. ನಾವು ನೋಡುವುದರಲ್ಲೇ ನಿಂತವರು. ಅಂದು ನಾಲ್ವರು ಮೇಸ್ತ್ರಿಯ ಮನೆಗೆ ಹೋದೆವು.

ಅವರೂ ಖಾಲಿ ಕೈ ತೋರಿಸಿದರು; ಮೇಲಿನ ಗುತ್ತಿಗೆದಾರ ಅವರಿಗೂ ಕೊಟ್ಟಿರಲಿಲ್ಲ. ಎಷ್ಟು ದಿನ ಯಾರು ದುಡಿದರೆಂದು ಕೇಳಿದರೆ ಬರಹವಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಗುತ್ತಿಗೆದಾರನು ಫೋಟೋ ಅಂಟಿಸಿದ ಪಾಸ್‌ಬುಕ್ ಕೊಟ್ಟು, ಕೆಲಸದ ಸ್ಥಳ, ಅವಧಿ, ಕೂಲಿಯ ದರ ಬರೆಯಬೇಕೆಂದಿತ್ತು. ಹನ್ನೊಂದು ಜನರಲ್ಲಿ ಒಬ್ಬನೂ ಅದನ್ನು ಕಂಡವನಲ್ಲ. ಆ ಕಾಯ್ದೆಯೂ ಈಗ 2020ರ ಸಂಹಿತೆಯೊಳಗೆ ಸೇರಿಹೋಗಿದೆ. ಕಡೆಗೆ ಆ ಹುಡುಗನ ತಾಯಿಯೇ ಕ್ಯಾಲೆಂಡರ್ ತಂದರು. ಮಗ ಊರಲ್ಲಿಲ್ಲದ ದಿನಗಳಿಗೆಲ್ಲ ಸುಣ್ಣದ ಚುಕ್ಕೆ ಇಟ್ಟಿದ್ದರು. ಅದನ್ನು ಹಿಡಿದು ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಬೆಂಗಳೂರಿಗೆ ಎರಡು ಸಲ ಹೋದೆವು. ನಾಲ್ಕು ವಾರದ ಹಣ ಬಂತು. ಎರಡು ವಾರದ್ದು ಇವತ್ತಿಗೂ ಬಂದಿಲ್ಲ. ಹನ್ನೊಂದರಲ್ಲಿ ಒಬ್ಬರು ಪೂಜೆಗೆ ಬರುವುದನ್ನು ಬಿಟ್ಟರು. ಅವರ ಮನೆಗೆ ಹೋಗಲು ನಮಗೆ ಇನ್ನೂ ಧೈರ್ಯ ಬಂದಿಲ್ಲ.

ಈಗ ದೇವಾಲಯದ ಹಿಂಬಾಗಿಲಲ್ಲಿ ಒಂದು ಮೇಜು, ಒಂದು ನೋಟುಪುಸ್ತಕ. ಬಸ್ಸಿಗೆ ಓಡುವವರು ಓಡಲಿ, ಅರ್ಧ ನಿಮಿಷ ನಿಂತು ಮೇಸ್ತ್ರಿಯ ಹೆಸರು, ಕೆಲಸದ ಜಾಗ, ಹಿಂದಿನ ವಾರ ದುಡಿದ ದಿನ ಹೇಳಿ ಹೋಗಲಿ. ನಾವು ಬರೆದುಕೊಳ್ಳುತ್ತೇವೆ.